ಹನ್ನೆರಡು ಗ್ರಾಂ ಮೆಣಸಿನಕಾಯಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ವಿಜಯಪುರದ ಬಿಸಿಲು ಗೊತ್ತಲ್ಲ, ಆ ಹೊತ್ತಿಗೆ ನಮ್ಮ ಸೂಪರ್ ಮಾರ್ಕೆಟ್‌ಗೆ ಬರುವವರೇ ಕಡಿಮೆ. ಒಬ್ಬ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. ಚೀಲದಿಂದ ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣ ತೆಗೆದು ಕೌಂಟರಿನ ಮೇಲೆ ಇಟ್ಟರು. ಪೊಟ್ಟಣ ಒಡೆದಿರಲಿಲ್ಲ. ಮೇಲೆ ನಮ್ಮದೇ ಲೇಬಲ್, 250 ಗ್ರಾಂ ಅಂತ.

"ತಮ್ಮಾ, ಇದನ್ನೊಂದು ತೂಗು" ಅಂದರು.

ತೂಗಿದೆ. 238 ಗ್ರಾಂ. ಅದೂ ಕವರಿನ ತೂಕ ಸೇರಿಸಿ.

"ಉಪ್ಪಿನಕಾಯಿ ಹಾಕಾಕ ಅಂತ ಮನ್ಯಾಗ ಸಣ್ಣ ತಕ್ಕಡಿ ಇಟ್ಕೊಂಡೀನಿ. ಹನ್ನೆರಡು ಗ್ರಾಂ ಎಲ್ಲಿ ಹೋತು?"

ನನ್ನ ಬಾಯಿಂದ ಮೊದಲು ಬಂದದ್ದು ನೆಪ. ಮಷಿನ್ ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತೆ ಅಂದೆ. ಅಜ್ಜಿ ಏನೂ ಮಾತಾಡದೆ ರ‍್ಯಾಕಿನಿಂದ ಇನ್ನೆರಡು ಪೊಟ್ಟಣ ತಂದು ಇಟ್ಟರು. 239, 237. ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ನೋಡುತ್ತಿದ್ದರು. ನನಗೆ ಕಾಲ ಕೆಳಗಿನ ಫರಸಿಯೇ ಜಾರಿದಂತಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಆ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಿಂದ ಬಂದಿತ್ತು. ಹೊರಗೆ ತೆಗೆದಾಗ ಹಸಿ ಹಿಡಿದಿತ್ತು. ಅದೇ ಹಸಿಯಲ್ಲಿ ತೂಗಿ, ತೆಳು ಕವರಿಗೆ ಹಾಕಿ, ಎರಡು ತಿಂಗಳಿಗಾಗುವಷ್ಟು ಒಮ್ಮೆಲೇ ಪ್ಯಾಕ್ ಮಾಡಿಟ್ಟಿದ್ದೆವು. ಬೇಸಿಗೆ ಬಂತು, ಹಸಿ ಆರಿತು, ತೂಕ ಇಳಿಯಿತು. ಕದ್ದವರು ಯಾರೂ ಇಲ್ಲ. ಆದರೆ ಗಿರಾಕಿಗೆ ಇದನ್ನು ಹೇಗೆ ಹೇಳೋದು? ಅವರ ಪಾಲಿಗೆ 250 ಅಂದರೆ 250. ಅವರು ಹೇಳೋದೂ ಸರಿಯೇ ಅಲ್ವಾ.

ಅವತ್ತು ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ನಲವತ್ತು ವರ್ಷ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂತವರು. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ಮಂದಿ ನೋಡಿದ್ರು?" ಇಬ್ಬರು ಅಂದೆ. "ಅಂದ್ರ ನಾಳೆ ಇನ್ನೂರು ಮಂದಿಗೆ ಗೊತ್ತಿರತೈತಿ. ಅವರಿಗಿಂತ ಮೊದಲು ನೀನೇ ಹೇಳಿಬಿಡು."

ಹಾಗೇ ಮಾಡಿದೆವು. ಮೆಣಸಿನಕಾಯಿಯ ಪೊಟ್ಟಣಗಳನ್ನೆಲ್ಲ ರ‍್ಯಾಕಿನಿಂದ ಇಳಿಸಿದೆವು. ಬಾಗಿಲ ಹತ್ತಿರ ಕೈಬರಹದ ಬೋರ್ಡು ಹಾಕಿದೆವು: ಒಂದು ತಿಂಗಳಲ್ಲಿ ನಮ್ಮ ಮೆಣಸಿನಕಾಯಿ ಕೊಂಡವರಿಗೆ ತೂಕ ಕಡಿಮೆ ಹೋಗಿದೆ, ಬಿಲ್ ತಂದು ಕಡಿಮೆ ಬಿದ್ದ ದುಡ್ಡು ಒಯ್ಯಿರಿ. ಬಂದವರು ಬರೀ ಹನ್ನೊಂದು ಜನ. ಒಬ್ಬೊಬ್ಬರಿಗೆ ನಾಲ್ಕೈದು ರೂಪಾಯಿ. ಆದರೆ ಆ ಬೋರ್ಡಿನ ಸುದ್ದಿ ಮಾತ್ರ ಗಾಂಧಿ ಚೌಕದಿಂದ ಜಲನಗರದವರೆಗೂ ಓಡಾಡಿತು. ಅದಕ್ಕೂ ಮೊದಲು ಪೇಪರಿನಲ್ಲಿ ಪಾಂಪ್ಲೆಟ್ ಹಾಕಿಸಿದ್ದೆ, ಆಟೋಗೆ ಮೈಕ್ ಕಟ್ಟಿಸಿದ್ದೆ. ಅದರಿಂದ ಜನ ಬಂದರು, ಆಫರ್ ಸಕ್ಕರೆ ಒಯ್ದರು, ಅಷ್ಟೇ.

ಈಗ ಮೆಣಸಿನಕಾಯಿಯನ್ನು ಹತ್ತು ದಿನಕ್ಕಾಗುವಷ್ಟೇ ಪ್ಯಾಕ್ ಮಾಡುತ್ತೇವೆ. ಒಂದು ದಿನ ಹರಡಿ ಆರಿಸಿದ ಮೇಲೆ, ದಪ್ಪ ಕವರಿನಲ್ಲಿ, ಐದು ಗ್ರಾಂ ಹೆಚ್ಚಿಗೆ ಹಾಕಿ. ಬೆಲ್ಲಕ್ಕೂ ಹುಣಸೆಹಣ್ಣಿಗೂ ಅದೇ ಲೆಕ್ಕ. ಬಾಗಿಲ ಪಕ್ಕ ಗಿರಾಕಿಗಳಿಗೆಂದೇ ಒಂದು ತಕ್ಕಡಿ ಇಟ್ಟಿದ್ದೇವೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಹಾಕಿಸಬೇಕು. ಆ ಸರ್ಟಿಫಿಕೇಟನ್ನು ಮೊದಲು ಆಫೀಸಿನ ಗೋಡೆಗೆ ತೂಗುಹಾಕುತ್ತಿದ್ದೆವು. ಅಲ್ಲಿ ಅದನ್ನು ನೋಡೋರು ಯಾರು? ಈಗ ಆ ತಕ್ಕಡಿಯ ಮೇಲೆಯೇ ಇದೆ.

ಒಂದು ಅಂಗಡಿ ಈಗ ಐದಾಗಿದೆ. ವಿಜಯಪುರದಲ್ಲಿ ಎರಡು, ಬಾಗಲಕೋಟೆಯ ನವನಗರ, ಜಮಖಂಡಿ, ಮುದ್ದೇಬಿಹಾಳದಲ್ಲಿ ಒಂದೊಂದು. ದೊಡ್ಡ ಕಂಪನಿಗಳ ಮಾಲ್‌ಗಳ ಜೊತೆ ಬೆಲೆಯಲ್ಲಿ ನಾವು ಗುದ್ದಾಡೋಕೆ ಆಗಲ್ಲ. ಸೋಪು, ಎಣ್ಣೆ, ಬಿಸ್ಕಿಟ್ಟನ್ನು ಅವರು ಲಾರಿಗಟ್ಟಲೆ ಕೊಳ್ಳುತ್ತಾರೆ. ನಾವು ಡಿಸ್ಟ್ರಿಬ್ಯೂಟರ್ ಮುಂದೆ ಸ್ಕೀಮಿಗೆ ಚೌಕಾಶಿ ಮಾಡಬೇಕು. ಹಾಗಾಗಿ ಜನ ನಮ್ಮಲ್ಲಿಗೆ ಬರೋದಕ್ಕೆ ಬೇರೆ ಏನಾದರೂ ಕಾರಣ ಇರಬೇಕಿತ್ತು. ನಮಗೆ ಆ ಕಾರಣ ಸಿಕ್ಕಿದ್ದು ಜೋಳದ ಹಿಟ್ಟಿನಲ್ಲಿ.

ನಮ್ಮ ಕಡೆ ರೊಟ್ಟಿ ಸರಿಯಾಗದಿದ್ದರೆ ಮನೆಯಲ್ಲಿ ಅವತ್ತು ಯಾರ ಮುಖವೂ ನೆಟ್ಟಗಿರಲ್ಲ. ಮೊದಲು ಜೋಳದ ಹಿಟ್ಟನ್ನು ಬೇರೆ ಕಡೆಯಿಂದ ಪ್ಯಾಕೆಟ್‌ನಲ್ಲಿ ತರಿಸುತ್ತಿದ್ದೆವು. ದೂರಿನ ಮೇಲೆ ದೂರು. "ಹಿಟ್ಟಿಗೆ ಜಿಗಿನೇ ಇಲ್ಲ", "ತಟ್ಟಿದರ ಅಂಚು ಹರೀತೈತಿ", "ಕಹಿ ಹೊಡೀತೈತಿ". ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟು ಬೆಂದು ಬರುವ ಜಿಗಿಯೇ ಅದಕ್ಕೆ ಆಧಾರ. ಹಿಟ್ಟು ಹಳತಾದರೆ ಆ ಜಿಗಿ ಹೋಗುತ್ತದೆ. ಜೋಳದ ಕಾಳಿನಲ್ಲಿ ಮೊಳಕೆ ಬರುವ ಮೂತಿಯಲ್ಲಿ ಎಣ್ಣೆ ಅಂಶ ಇರುತ್ತದೆ. ಬೀಸಿದ ಮೇಲೆ ಅದು ಬೇಗ ಕಮಟಾಗಿ ಕಹಿ ಬರುತ್ತದೆ. ಪ್ಯಾಕೆಟ್ ಮೇಲೆ ಮೂರು ತಿಂಗಳ ಬಾಳಿಕೆ ಬರೆದರೆ ಬರೆದುಕೊಳ್ಳಲಿ, ರೊಟ್ಟಿ ಬಡಿಯೋ ಕೈಗೆ ಹದಿನೈದೇ ದಿನದಲ್ಲಿ ಗೊತ್ತಾಗುತ್ತದೆ.

ಅದಕ್ಕೇ ಅಂಗಡಿಯ ಹಿಂಬದಿಗೆ ಗಿರಣಿ ಹಾಕಿಸಿದೆವು. ಪಕ್ಕದಲ್ಲಿ ಮೂರು ಡಬ್ಬಿ ಬಿಳಿಜೋಳ, ಒಂದರಲ್ಲಿ ಮಾಲದಂಡಿ ತಳಿಯದ್ದು. ಡೋಣಿ ಅಂದರೆ ನಮ್ಮ ಕಡೆಯ ಹೊಳೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನೋ ನಾಡು ಇದು. ಇಲ್ಲಿಯ ಹೆಂಗಸರಿಗೆ ಜೋಳದ ಬಗ್ಗೆ ನಾನು ಹೇಳಿಕೊಡೋದು ಏನಿದೆ? ಅವರೇ ಕಾಳು ಕಚ್ಚಿ ನೋಡಿ ಆರಿಸುತ್ತಾರೆ, ಕಣ್ಣೆದುರೇ ಬೀಸಿಸಿಕೊಂಡು ಒಯ್ಯುತ್ತಾರೆ.

ಹೇಳೋಕೆ ಸುಲಭ. ಮೊದಲ ವಾರವೇ ಹಿಟ್ಟು ಬೆವರಿತು. ಗಿರಣಿಯಿಂದ ಬಿಸಿಬಿಸಿಯಾಗಿ ಬಂದದ್ದನ್ನು ಹುಡುಗ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿಕೊಟ್ಟಿದ್ದ. ಮನೆಗೆ ಹೋಗೋವಷ್ಟರಲ್ಲಿ ಒಳಗೆಲ್ಲ ನೀರಿನ ಹನಿ, ಹಿಟ್ಟು ಗಂಟು ಗಂಟು. ಆಮೇಲೆ ಅಗಲ ಪರಾತ ತಂದೆವು. ಹಿಟ್ಟನ್ನು ಅದರಲ್ಲಿ ಆರಿಸಿ ಬಟ್ಟೆ ಚೀಲಕ್ಕೆ ತುಂಬುತ್ತೇವೆ. ಅಷ್ಟು ಹೊತ್ತಿಗೆ ಗಿರಾಕಿಯ ಉಳಿದ ಸಂತೆಯೂ ಮುಗಿದಿರುತ್ತದೆ. ಗೋಧಿಗೆ ಬೇರೆಯೇ ಗಿರಣಿ ಇಟ್ಟೆವು. ಒಂದರಲ್ಲೇ ಎರಡನ್ನೂ ಬೀಸಿದರೆ, ಜೋಳಕ್ಕೆ ಗೋಧಿ ಬೆರೆಸಿದ್ದಾರೆ ಅನ್ನೋ ಮಾತು ಹುಟ್ಟೋಕೆ ಎಷ್ಟು ಹೊತ್ತು? ಸದ್ದು, ಧೂಳು, ಎರಡರ ಕಾಟವೂ ಇದೆ. ಬಂದ ಕನ್ಸಲ್ಟೆಂಟ್ ಒಬ್ಬರು ಸೂಪರ್ ಮಾರ್ಕೆಟ್‌ನಲ್ಲಿ ಗಿರಣಿ ಚೆನ್ನಾಗಿ ಕಾಣಲ್ಲ ಅಂದರು. ಅವರಿಗೆ ಚಹಾ ಕುಡಿಸಿ ಕಳಿಸಿದೆವು.

ಗಿರಣಿಯ ಪಕ್ಕದಲ್ಲೇ ಬೇಳೆಕಾಳಿನ ಬಿಡಿ ಮಾಲು ಇಟ್ಟಿದ್ದೇವೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. ಗಿರಾಕಿ ಎದುರಿಗೆ ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿದೆವು. ತೂಗಲು ಒಬ್ಬ ಹುಡುಗ ಹೆಚ್ಚಿಗೆ ಬೇಕಾಯಿತು, ನಿಜ. ಆದರೆ ತೊಗರಿಬೇಳೆ ಕೊಳ್ಳುವವರಿಗೆ ಕೈಯಾಡಿಸಿ ನೋಡುವ ಖುಷಿಯೇ ಬೇರೆ.

ಚಿಲ್ಲರೆಯ ಕಥೆ ಇನ್ನೊಂದು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಹತ್ತು ರೂಪಾಯಿ ನಾಣ್ಯ ಯಾರೂ ಮುಟ್ಟುತ್ತಿರಲಿಲ್ಲ. ಹತ್ತು ಗೆರೆಯದ್ದು ನಡೆಯುತ್ತೆ, ಹದಿನೈದು ಗೆರೆಯದ್ದು ಖೋಟಾ ಅನ್ನೋ ಗಾಳಿಸುದ್ದಿ. 14 ನಮೂನೆಯ ನಾಣ್ಯಗಳೂ ನಡೆಯುತ್ತವೆ ಅಂತ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ಕೇಳೋರು ಯಾರು? ಜನರ ಮನೆಯಲ್ಲಿ ಡಬ್ಬಿಗಟ್ಟಲೆ ನಾಣ್ಯ ಕೂತಿತ್ತು. ನಾವು "ಹತ್ತರ ನಾಣ್ಯ ತೆಗೆದುಕೊಳ್ಳುತ್ತೇವೆ, ನಿಮಗೆ ನೋಟೇ ಕೊಡುತ್ತೇವೆ" ಅಂತ ಬರೆದು ಹಾಕಿದೆವು. ಮಕ್ಕಳು ಹುಂಡಿ ಒಡೆದು ತಂದರು. ಒಬ್ಬರು ಡಾಲ್ಡಾ ಡಬ್ಬಿ ತುಂಬ ತಂದು ಕೌಂಟರಿನ ಮೇಲೆ ಸುರಿದರು. ರಾತ್ರಿ ಕೂತು ನೂರು ನೂರರ ಗಂಟು ಕಟ್ಟೋದು ನನ್ನ ಕೆಲಸ. ಬ್ಯಾಂಕಿನ ಕ್ಯಾಷಿಯರ್ ನನ್ನನ್ನು ಕಂಡರೆ ಸಾಕು, ಊಟದ ಟೈಮು ಅನ್ನುತ್ತಿದ್ದರು. ಚಿಲ್ಲರೆ ಬದಲು ಚಾಕಲೇಟು ಕೊಡೋದನ್ನೂ ಆಗಲೇ ನಿಲ್ಲಿಸಿದೆವು. ಒಬ್ಬ ಹುಡುಗ ಮನೆಯಲ್ಲಿ ಕೂಡಿಟ್ಟಿದ್ದ ನಮ್ಮವೇ ಚಾಕಲೇಟುಗಳನ್ನು ತಂದು "ಇವನ್ನ ತಗೊಂಡು ಪೆನ್ನು ಕೊಡ್ರಿ" ಅಂದ. ನಗು ಬಂತು, ನಾಚಿಕೆಯೂ ಆಯಿತು. ಪೆನ್ನು ಕೊಟ್ಟೆವು.

ರ‍್ಯಾಕಿನ ಮೇಲೊಂದು ಬೆಲೆ, ಬಿಲ್ಲಿನಲ್ಲೊಂದು ಬೆಲೆ. ಇದರಷ್ಟು ಬೇಗ ಹೆಸರು ಕೆಡಿಸೋದು ಇನ್ನೊಂದಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಇಳಿದಾಗ ನಮಗೆ ದೊಡ್ಡ ಪರೀಕ್ಷೆಯೇ ಆಯಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕಿಟ್ ಶೇ. 18ರಿಂದ 5ಕ್ಕೆ, ತುಪ್ಪ ಶೇ. 12ರಿಂದ 5ಕ್ಕೆ. ಅಂದರೆ 118 ರೂಪಾಯಿಯ ಶಾಂಪೂ 105 ಆಗಬೇಕು. ಆದರೆ ಬಾಟಲಿಯ ಮೇಲೆ ಹಳೇ ಎಂಆರ್‌ಪಿಯೇ ಇದೆ. ಹಿಂದಿನ ರಾತ್ರಿ ಐದೂ ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಬೆಲೆ ಬದಲಿಸಿದೆವು. ಆದರೂ ಜಮಖಂಡಿಯಲ್ಲಿ ಒಂದು ಸಾಲಿನ ಸೋಪು ತಪ್ಪಿಹೋಯಿತು. ಎರಡು ದಿನ ಹಳೇ ಬೆಲೆಗೇ ಬಿಲ್ ಆಗಿತ್ತು. ಬಿಲ್ಲಿನಲ್ಲಿ ಫೋನ್ ನಂಬರ್ ಇದ್ದವರಿಗೆಲ್ಲ ನಮ್ಮ ಅಂಗಡಿಯ ಹುಡುಗಿಯರು ಕರೆ ಮಾಡಿ ದುಡ್ಡು ವಾಪಸ್ ಹಾಕಿದರು. ಅರ್ಧ ಜನ ಇದು ಫ್ರಾಡ್ ಕಾಲ್ ಅಂತ ಫೋನಿಟ್ಟರು!

ಆ ಹುಡುಗಿಯರ ಬಗ್ಗೆ ಒಂದು ಮಾತು. ಬಹಳ ಮಂದಿ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಇವತ್ತು ಅಂಗಡಿಯಲ್ಲಿ ಆದದ್ದು ರಾತ್ರಿ ಎಂಟರೊಳಗೆ ಹತ್ತು ಹಳ್ಳಿಗೆ ಮುಟ್ಟಿರುತ್ತದೆ. ಹಳಸಿದ ಮಾಲಿನ ಲೇಬಲ್ ಬದಲಿಸು ಅಂತ ನಾನು ಹೇಳಿದ್ದರೆ ಅದೂ ಮುಟ್ಟುತ್ತಿತ್ತು. ತಿಂಗಳಿಗೊಮ್ಮೆ ನಾನು ಒಂದು ಲೆಕ್ಕ ನೋಡುತ್ತೇನೆ: ಅವರು ತಮ್ಮ ಮನೆಗೆ ನಮ್ಮಲ್ಲಿಂದ ಏನು ಒಯ್ಯುತ್ತಾರೆ, ಏನು ಒಯ್ಯಲ್ಲ. ಒಮ್ಮೆ ಯಾರೂ ನಮ್ಮ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ಯುತ್ತಿರಲಿಲ್ಲ. ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬಳು, "ಸರ್, ಅದರಾಗ ಹಳೇ ಶೇಂಗಾ ಹಾಕ್ತಾರ" ಅಂದಳು. ನಮಗೆ ಹಿಂಡಿ ಮಾಡಿ ಕೊಡುತ್ತಿದ್ದವರನ್ನು ಮರುದಿನವೇ ಬದಲಿಸಿದೆವು.

ಬಾಗಲಕೋಟೆಯಲ್ಲಿ ನಾವು ಎಡವಿದೆವು. ವಿಜಯಪುರದ ಹೆಸರು ತಾನೇ ಬಸ್ ಹತ್ತಿ ನವನಗರಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದ ಕುಟುಂಬಗಳು ಅಲ್ಲಿ ಬಹಳ. ಒಬ್ಬ ನಿವೃತ್ತ ಮಾಸ್ತರು ನೇರವಾಗಿಯೇ ಹೇಳಿದರು: "ನಮ್ಮ ಮನಿ ನೀರಾಗ ಹೋತು. ಕಿರಾಣಿ ಅಂಗಡಿ ಒಂದು ಉಳದೈತಿ, ಅದನ್ನೂ ಬಿಡು ಅಂತೀರೇನು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದರ ಮೇಲೆ ಅಲ್ಲಿಯ ನಮ್ಮ ಮ್ಯಾನೇಜರ್ ಲಾಭ ತೋರಿಸೋಕೆ ಅಂತ "ಕೊಂಡ ಮಾಲು ವಾಪಸ್ ಇಲ್ಲ" ಅಂತ ಬೋರ್ಡು ಹಾಕಿದ್ದರು. ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ಬೋರ್ಡು ತೆಗೆಸಿದೆ. ಮಹಾಲಿಂಗಪುರದ ಬೆಲ್ಲ, ಅಮೀನಗಡದ ಕರದಂಟು ಇಟ್ಟೆವು. ಪಂಚಮಿಗೆ ಅಳ್ಳು, ಪುಠಾಣಿ, ಉಂಡಿಯ ಸಾಮಾನು ಒಂದೇ ಕಡೆ ಜೋಡಿಸಿದೆವು. ಎರಡು ವರ್ಷ ಹಿಡಿಯಿತು. ಆ ಮಾಸ್ತರು ಈಗಲೂ ಹಳೇ ಅಂಗಡಿಗೇ ಹೋಗುತ್ತಾರೆ. ಸೊಸೆ ನಮ್ಮಲ್ಲಿಗೆ ಬರುತ್ತಾರೆ.

ತರಕಾರಿಯಲ್ಲಿ ಮಾತ್ರ ನಮಗೆ ಇನ್ನೂ ಹೆಸರಿಲ್ಲ. ಮೂರು ಸಲ ಶುರು ಮಾಡಿ ಮೂರು ಸಲ ನಿಲ್ಲಿಸಿದ್ದೇವೆ. ಆಲೂಗಡ್ಡೆ, ಉಳ್ಳಾಗಡ್ಡಿ ಹೇಗೋ ನಡೆಯುತ್ತವೆ. ರೊಟ್ಟಿ ಜೊತೆ ಹಸಿಯಾಗಿ ತಿನ್ನೋ ಹಕ್ಕರಕಿ, ಮೆಂತೆ ಸೊಪ್ಪು ಹಾಗಲ್ಲ. ಬೆಳಿಗ್ಗೆ ತಂದದ್ದು ಮಧ್ಯಾಹ್ನಕ್ಕೆ ಎಸಿಯ ಗಾಳಿಗೆ ತಲೆ ಹಾಕಿಬಿಡುತ್ತದೆ. ನೀರು ಚಿಮುಕಿಸಿದರೆ ಕೊಳೆಯುತ್ತದೆ. ಅದೇ ಹೊತ್ತಿಗೆ ನಮ್ಮ ಬಾಗಿಲ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಒದ್ದೆ ಗೋಣಿಚೀಲದ ಮೇಲೆ ಸೊಪ್ಪು ಹರಡಿಕೊಂಡು ಕೂತಿರುತ್ತಾಳೆ. ಸಂಜೆಯವರೆಗೂ ಒಂದೆಲೆ ಬಾಡಿರಲ್ಲ. ನಮ್ಮಲ್ಲಿ ಬಿಲ್ ಮಾಡಿಸಿದವರು ಹೊರಗೆ ಹೋಗಿ ಸೊಪ್ಪನ್ನು ಅವಳ ಹತ್ತಿರವೇ ಕೊಳ್ಳುತ್ತಾರೆ. ನನ್ನ ಹೆಂಡತಿಯೂ ಅಷ್ಟೇ. ಅವಳನ್ನು ಅಲ್ಲಿಂದ ಎಬ್ಬಿಸಿ ಅಂತ ಒಬ್ಬ ಸೂಪರ್‌ವೈಸರ್ ಹೇಳಿದ್ದ. ಬೇಡ ಅಂದೆ. ಸಂಜೆ ಐದಕ್ಕೆ ಅವಳು ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ ಹತ್ತರ ನಾಣ್ಯಗಳನ್ನು ಕೌಂಟರಿನ ಮೇಲೆ ಎಣಿಸಿಟ್ಟು, ನೋಟು ಒಯ್ಯುತ್ತಾಳೆ.