ಶಿಕ್ಷಿಸುವ ಹಕ್ಕು ಎಲ್ಲಿಂದ ಬಂತು? ಬೆಕಾರಿಯಾ ಪಾಠ ನಾನು ಮಾಡುವ ಬಗೆ

ಅಪರಾಧಶಾಸ್ತ್ರದ ತಾತ್ವಿಕ ಬುನಾದಿ ಹೇಳಿಕೊಡುವಾಗ ಕಾಲಕ್ರಮ ಹಿಡಿದು ಇಂಗ್ಲಿಷ್ ಚಿಂತಕ ಹಾಬ್ಸ್‌ನಿಂದ ಹೊರಡುವುದು ವಾಡಿಕೆ. ನಾನು ಹೊರಡುವುದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲಿ ಬರೆದ ‘ಅಪರಾಧಗಳು ಮತ್ತು ಶಿಕ್ಷೆಗಳು’ ಪುಸ್ತಕದಿಂದ. ಶಿಕ್ಷೆಯ ಮೂಲ, ಶಿಕ್ಷಿಸುವ ಹಕ್ಕು ಎಂಬ ಮೊದಲೆರಡು ಅಧ್ಯಾಯ ಒಂದೇ ತರಗತಿಯಲ್ಲಿ ಓದಿ ಮುಗಿಯುತ್ತವೆ. ಆಮೇಲೆ ಒಂದೇ ಪ್ರಶ್ನೆ: ದಂಡಿಸುವ ಹಕ್ಕು ದೊರೆಗೆ ಕೊಟ್ಟವರು ಯಾರು?

ಪ್ರತಿಯೊಬ್ಬನೂ ತನ್ನ ಸ್ವಾತಂತ್ರ್ಯದಲ್ಲಿ ಆದಷ್ಟು ಚಿಕ್ಕ ಪಾಲನ್ನು ಒಟ್ಟು ಗಂಟಿಗೆ ಹಾಕಿದ, ಆ ಪಾಲುಗಳ ಮೊತ್ತವೇ ದಂಡಿಸುವ ಹಕ್ಕು, ಅದನ್ನು ಮೀರಿದ್ದು ದುರ್ಬಳಕೆ ಎನ್ನುತ್ತಾನೆ ಬೆಕಾರಿಯಾ. ಇದೇ ಪ್ರಶ್ನೆಯನ್ನು ಹಾಬ್ಸ್, ಲಾಕ್, ರೂಸೋ ಎಂಬ ಉಳಿದ ಮೂವರು ಚಿಂತಕರಿಗೂ ಕೇಳಿ, ಉತ್ತರ ಒಂದೊಂದು ಸಾಲಿನಲ್ಲಿ ಬರೆಸುತ್ತೇನೆ. ಹಾಬ್ಸ್ (‘ಲೆವಯಥಾನ್’, 1651, 28ನೇ ಅಧ್ಯಾಯ): ಪ್ರಜೆಗಳು ಏನನ್ನೂ ಕೊಡಲಿಲ್ಲ, ತಮ್ಮ ಹಕ್ಕನ್ನು ಕೆಳಗಿಟ್ಟರು, ದೊರೆಯದು ಹಾಗೇ ಉಳಿಯಿತು. ಲಾಕ್ (ಸರ್ಕಾರ ಕುರಿತ ಎರಡನೇ ಪ್ರಬಂಧ, 7ರಿಂದ 11ನೇ ಪರಿಚ್ಛೇದ): ರಾಜ್ಯ ಹುಟ್ಟುವ ಮುಂಚಿನ ನಿಸರ್ಗಸ್ಥಿತಿಯಲ್ಲೇ ಎಲ್ಲರಿಗೂ ಆ ಹಕ್ಕಿತ್ತು. ರೂಸೋ (‘ಸಾಮಾಜಿಕ ಒಪ್ಪಂದ’, 1762, 2ನೇ ಭಾಗ, 5ನೇ ಅಧ್ಯಾಯ): ಅಪರಾಧಿ, ಜನ ಪರಸ್ಪರ ಒಪ್ಪಿ ರಾಜ್ಯ ಕಟ್ಟಿಕೊಂಡ ಆ ಒಪ್ಪಂದ ಮುರಿದು ರಾಜ್ಯದ ವೈರಿಯಾದ. ಮೂವರನ್ನೂ ‘ಒಪ್ಪಂದವಾದಿಗಳು’ ಎಂದು ಒಂದೇ ಹಗ್ಗಕ್ಕೆ ಕಟ್ಟಿದರೆ ಈ ವ್ಯತ್ಯಾಸ ಕೈಜಾರುತ್ತದೆ. ಮರಣದಂಡನೆಯ ಚರ್ಚೆ ನಿಂತಿರುವುದೇ ಇದರ ಮೇಲೆ: ಆ ಚಿಕ್ಕ ಪಾಲಿನೊಳಗೆ ತನ್ನ ಪ್ರಾಣವನ್ನೂ ಸೇರಿಸಿ ಕೊಟ್ಟವರು ಯಾರು ಎಂದು ಬೆಕಾರಿಯಾ ಕೇಳುತ್ತಾನೆ.

ಬೆಕಾರಿಯಾನಿಂದ ಶುರುವಾದ ಅಪರಾಧಶಾಸ್ತ್ರದ ಧಾರೆಗೆ ಶಾಸ್ತ್ರೀಯ ಪಂಥ ಎನ್ನುತ್ತಾರೆ. ಉತ್ತರಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು, ‘ಶಾಸ್ತ್ರೀಯ ಪಂಥ ಎಂದರೆ ಕಠಿಣ ಶಿಕ್ಷೆಯಿಂದ ಹೆದರಿಸುವುದು’ ಎಂಬುದು. ಬೆಕಾರಿಯಾ ಹೇಳಿದ್ದು ಇದರ ಉಲ್ಟಾ. ಶಿಕ್ಷೆ ತಪ್ಪದೆ ಬರಬೇಕು, ಬೇಗ ಬರಬೇಕು. ಕ್ರೌರ್ಯ ಹೆಚ್ಚಿದಷ್ಟೂ ಮನಸ್ಸು ಜಡ್ಡುಗಟ್ಟುತ್ತದೆ. ನೂರು ವರ್ಷ ಕ್ರೂರ ಶಿಕ್ಷೆ ಕಂಡವರಿಗೆ, ಮೂಳೆ ಮುರಿಯುವ ಚಕ್ರವೂ ಹಿಂದೆ ಸೆರೆಮನೆ ಹೆದರಿಸಿದಷ್ಟೇ ಹೆದರಿಸುತ್ತದೆ ಎಂಬ ಅವನ ಮಾತನ್ನು ಓದಿಸಿದರೆ ಗೊಂದಲ ತಾನಾಗಿ ಕರಗುತ್ತದೆ. ಎರಡನೆಯದು, ಇದೇ ಪಂಥದ ಇಂಗ್ಲಿಷ್ ಚಿಂತಕ ಬೆಂಥಾಮ್‌ನನ್ನೂ ಒಪ್ಪಂದವಾದಿ ಎನ್ನುವುದು. ಅವನಿಗೆ ಒಪ್ಪಂದ ಬರೀ ಕಟ್ಟುಕತೆ, ಹೆಚ್ಚು ಜನರಿಗೆ ಹೆಚ್ಚು ಸುಖ ಎಂಬ ಉಪಯುಕ್ತತೆಯೊಂದೇ ಸಾಕು. ಇನ್ನೊಂದು ಸಣ್ಣ ತೊಡಕು: 1766ರಲ್ಲಿ ಅನುವಾದಕ ಮೊರೆಲೆ ಬೆಕಾರಿಯಾನ ಪುಸ್ತಕವನ್ನು ಫ್ರೆಂಚಿಗೆ ತಂದಾಗ ಅಧ್ಯಾಯಗಳನ್ನು ಹಿಂದುಮುಂದು ಮಾಡಿದ. ಹಾಗಾಗಿ ಬೆಕಾರಿಯಾನ ಮಟ್ಟಿಗೆ ಅಧ್ಯಾಯದ ಸಂಖ್ಯೆ ನಂಬಬೇಡಿ, ಹೆಸರು ಹಿಡಿದು ಹುಡುಕಿ.

ಮರಣದಂಡನೆಯ ಅಧ್ಯಾಯದಲ್ಲಿ ಒಬ್ಬ ಕಳ್ಳನ ಮಾತು ಬರುತ್ತದೆ: ನನಗೂ ಸಿರಿವಂತನಿಗೂ ಇಷ್ಟು ಅಂತರ ಇಟ್ಟ ಈ ಕಾನೂನನ್ನು ನಾನೇಕೆ ಗೌರವಿಸಲಿ? ಇಡೀ ಪುಸ್ತಕದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ, ಯಾಕೆಂದರೆ ಒಪ್ಪಂದದ ಲಾಭವೇ ಸಿಗದವನು ಅದಕ್ಕೆ ಬದ್ಧನೇ ಎಂಬ ಪ್ರಶ್ನೆಯನ್ನು ಬೆಕಾರಿಯಾ ಎತ್ತಿ ಅಲ್ಲೇ ಬಿಟ್ಟಿದ್ದಾನೆ. ಇಲ್ಲಿಂದ, ಸಮಾಜ ತೋರಿಸುವ ಗುರಿ ಮುಟ್ಟಲು ನ್ಯಾಯವಾದ ದಾರಿ ಸಿಗದಿದ್ದಾಗ ಅಪರಾಧ ಹುಟ್ಟುತ್ತದೆ ಎಂದ ಸಮಾಜಶಾಸ್ತ್ರಜ್ಞ ಮರ್ಟನ್‌ನ 1938ರ ಲೇಖನಕ್ಕೆ ನೇರ ದಾರಿ. ಅಪರಾಧಿಯ ಗುಣ ಹುಟ್ಟಿನಿಂದಲೇ ಬರುತ್ತದೆ ಎಂದ ಇಟಲಿಯ ವೈದ್ಯ, 1876ರ ಲೊಂಬ್ರೋಸೋಗೆ ಒಂದೇ ವಾಕ್ಯ ಸಾಕು: ಅಪರಾಧಿ ಹುಟ್ಟಿನಿಂದಲೇ ಹಾಗಿದ್ದರೆ ಅವನು ಮುರಿದ ಒಪ್ಪಂದ ಯಾವುದು? ಅಮೆರಿಕದ ಅಪರಾಧಶಾಸ್ತ್ರಜ್ಞ ಹಿರ್ಶಿಗೆ (1969) ಬರುವಾಗ ಹಾಬ್ಸ್‌ನ ಪುಟ ಮತ್ತೆ ತೆರೆಸುತ್ತೇನೆ. ಜನ ಯಾಕೆ ತಪ್ಪು ಮಾಡುತ್ತಾರೆ ಎನ್ನುವುದನ್ನು ಬಿಟ್ಟು, ಯಾಕೆ ಮಾಡುವುದಿಲ್ಲ ಎಂದು ಹಿರ್ಶಿ ಕೇಳಿದ್ದು ಅಲ್ಲಿಂದಲೇ.