ಧ್ಯಾನಕ್ಕೆ ಕೂತಾಗ ಕೈ ಎಲ್ಲಿಡಬೇಕು?

ಕಣ್ಣು ಮುಚ್ಚಿ ಕೂತ ಎರಡೇ ನಿಮಿಷಕ್ಕೆ ಮನಸ್ಸು ಎಲ್ಲೋ ಹೊರಟುಹೋಗುತ್ತದೆ, ಅಲ್ವಾ? ಹೋಗಿದ್ದು ಗೊತ್ತಾಗುವ ಹೊತ್ತಿಗೆ ಅರ್ಧ ಸಮಯ ಮುಗಿದಿರುತ್ತದೆ. ಇದನ್ನು ಬೇಗ ಹಿಡಿಯಲು ನನಗೆ ಜಾಸ್ತಿ ನೆರವಾಗಿರುವುದು ಧ್ಯಾನ ಮುದ್ರೆ. ಧ್ಯಾನಕ್ಕೆ ಕೂತ ಬುದ್ಧನ ಮೂರ್ತಿಗಳಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ.

ಮೊದಲು ಕೂರುವುದು. ನೆಲವಾದರೂ ಸರಿ, ಕುರ್ಚಿಯಾದರೂ ಸರಿ. ಬೆನ್ನು ನೆಟ್ಟಗಿರಲಿ, ಹೆಗಲು ಸಡಿಲವಾಗಿರಲಿ.

ಈಗ ಒಂದು ಅಂಗೈಯನ್ನು ಮೇಲ್ಮುಖವಾಗಿ ಮಡಿಲಲ್ಲಿಡಿ. ಕೈಯ ಅಂಚು ಹೊಕ್ಕುಳಿನ ಕೆಳಗೆ ಹೊಟ್ಟೆಗೆ ತಾಗಿರಲಿ. ಅದರ ಮೇಲೆ ಇನ್ನೊಂದು ಅಂಗೈ, ಅದೂ ಮೇಲ್ಮುಖವಾಗಿಯೇ. ಬೆರಳುಗಳ ಮೇಲೆ ಬೆರಳು ಬರಬೇಕು. ಯಾವ ಕೈ ಮೇಲೆ? ಬುದ್ಧನ ಮೂರ್ತಿಗಳಲ್ಲಿ ಸಾಮಾನ್ಯವಾಗಿ ಬಲಗೈ ಮೇಲಿರುತ್ತದೆ, ಜಪಾನಿನ ಝೆನ್ ಎಂಬ ಬೌದ್ಧ ಧ್ಯಾನ ಪದ್ಧತಿಯಲ್ಲಿ ಎಡಗೈ. ನಿಮಗೆ ಹಿತವಾದದ್ದನ್ನು ಆರಿಸಿಕೊಳ್ಳಿ. ದಿನಕ್ಕೊಂದು ಥರ ಮಾತ್ರ ಬೇಡ.

ಕೊನೆಗೆ ಹೆಬ್ಬೆರಳು. ಗುಟ್ಟೆಲ್ಲ ಇರುವುದು ಇಲ್ಲೇ. ಎರಡೂ ಹೆಬ್ಬೆರಳ ತುದಿಗಳನ್ನು ಮೆಲ್ಲಗೆ ತಾಗಿಸಿ. ಕೈಗಳ ಮೇಲೆ ಮೊಟ್ಟೆಯಾಕಾರದ ಖಾಲಿ ಜಾಗ ಕಾಣುತ್ತದೆ. ಎಷ್ಟು ಮೆಲ್ಲಗೆ ಅಂದರೆ, ಆ ತುದಿಗಳ ನಡುವೆ ತೆಳುವಾದ ಒಂದು ಕಾಗದ ಇದೆ ಅಂದುಕೊಳ್ಳಿ. ಅದು ಬೀಳಬಾರದು, ಸುಕ್ಕೂ ಆಗಬಾರದು.

ಇನ್ನು ಉಸಿರನ್ನು ಗಮನಿಸುತ್ತಾ ಸುಮ್ನೆ ಕೂರಿ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ನಿಮ್ಮ ಮನಸ್ಸಿನ ಸುದ್ದಿ ಹೇಳತೊಡಗುತ್ತದೆ. ತೂಕಡಿಕೆ ಬಂತೋ, ತುದಿಗಳು ಅಂಗೈ ಕಡೆಗೆ ಕುಸಿಯುತ್ತವೆ, ಇಲ್ಲವೇ ಬಿಟ್ಟುಕೊಳ್ಳುತ್ತವೆ. ಮನಸ್ಸು ಬಿಗಿಯಾಯಿತೋ, ಒಂದನ್ನೊಂದು ಒತ್ತಿಕೊಂಡು ಗೋಪುರದ ಹಾಗೆ ಮೇಲೇಳುತ್ತವೆ. ಬೆಟ್ಟವೂ ಆಗಬಾರದು, ಕಣಿವೆಯೂ ಆಗಬಾರದು ಎಂದು ಝೆನ್ ಕಲಿಸುವವರು ಹೇಳುವುದು ಇದನ್ನೇ. ಯಾರ ಜೊತೆಗೋ ಆಡಿದ ಜಗಳ ನೆನಪಾದಾಗಲೆಲ್ಲ ನನ್ನ ಹೆಬ್ಬೆರಳು ಬೆಟ್ಟವಾಗುತ್ತದೆ. ಕಣ್ಣು ಬಿಟ್ಟು ನೋಡಿದರೆ ಉಗುರಿನ ತುದಿ ಬೆಳ್ಳಗಾಗಿರುತ್ತದೆ. ಸಿಟ್ಟು ಬಂದದ್ದು ನನಗಿಂತ ಮೊದಲು ಕೈಗೆ ಗೊತ್ತಾಗಿರುತ್ತದೆ!

ಹಾಗಾದಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ಕಾಗದವನ್ನು ನೆನೆದು ತುದಿಗಳನ್ನು ಮತ್ತೆ ಮೆಲ್ಲಗೆ ತಾಗಿಸಿ, ಅಷ್ಟೇ. ಗಮನವೂ ಜೊತೆಗೇ ವಾಪಸ್ ಬರುತ್ತದೆ. ಬೆರಳ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳು ಬಹಳ ಒತ್ತಾಗಿವೆ. ಅದಕ್ಕೇ ಇಷ್ಟು ಹಗುರವಾದ ತಾಗುವಿಕೆಯೂ ಮನಸ್ಸಿಗೆ ಹಿಡಿದುಕೊಳ್ಳಲು ಸಾಕಾಗುತ್ತದೆ.

ತೋಳು ಭಾರ ಅನ್ನಿಸಿದರೆ ಕೈ ಕೆಳಗೆ ಮಡಚಿದ ಟವೆಲ್ ಇಟ್ಟುಕೊಳ್ಳಿ. ಮುದ್ರೆ ಹಿಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ, ಅದನ್ನು ನಂಬಿ ಔಷಧಿ ಮಾತ್ರ ಬಿಡಬೇಡಿ.

ಶುರುವಿಗೆ 5 ನಿಮಿಷ ಸಾಕು. ಮೊಬೈಲಿನ ಅಲಾರಂ ಹೊಡೆದ ಕೂಡಲೇ ಏಳಬೇಡಿ. ಮೊದಲು ಕೆಳಗೆ ನೋಡಿ, ಹೆಬ್ಬೆರಳು ಎಲ್ಲಿವೆ ಅಂತ.