ಬೆಂಟನ್‌ವಿಲ್‌ಗೆ ಹೊಸದಾಗಿ ಬರುವವರಿಗೆ: ಈ ಊರಲ್ಲಿ ಯಾರ್ಯಾರಿದ್ದಾರೆ?

ಅಮೆರಿಕದ ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಕೆಲಸ ಸಿಕ್ಕಿದೆ ಅಂತ ಫೋನ್ ಮಾಡುವ ಕನ್ನಡದವರು ಮೊದಲು ಮನೆ ಬಾಡಿಗೆ ಕೇಳುತ್ತಾರೆ. ಎರಡನೇ ಪ್ರಶ್ನೆ ಸ್ವಲ್ಪ ದನಿ ತಗ್ಗಿಸಿ ಬರುತ್ತದೆ. "ಸರ್, ಅಲ್ಲಿ ನಮ್ಮೋರು ಇದ್ದಾರಾ? ಬರೀ ಬಿಳಿಯರ ಊರಂತೆ, ಹೌದಾ?"

ನಮ್ಮೋರು ಇದ್ದಾರೆ. ಬರೀ ಬಿಳಿಯರ ಊರೂ ಅಲ್ಲ. ಆದರೆ ಇಷ್ಟು ಹೇಳಿ ಫೋನ್ ಇಟ್ಟರೆ ಅರ್ಧ ಮಾತೇ ಆಯಿತು. ನಾನು 2011ರಲ್ಲಿ ತಿಪಟೂರಿನಿಂದ ಬೆಂಗಳೂರು, ಅಲ್ಲಿಂದ ಇಲ್ಲಿಗೆ ಅಂತ ಬಂದವನು. ಯಾರು ಎಲ್ಲಿಂದ ಬಂದರು, ಏಕೆ ಬಂದರು ಅಂತ ಆಗಲೇ ಯಾರಾದರೂ ಕೂರಿಸಿ ಹೇಳಿದ್ದರೆ ಎಷ್ಟೋ ಪೆದ್ದುತನ ತಪ್ಪುತ್ತಿತ್ತು.

ಮೊದಲು ಊರಿನ ಅಳತೆ. 1990ರ ಗಣತಿಯಲ್ಲಿ ಇಲ್ಲಿದ್ದವರು 11,257 ಜನ. 2010ರಲ್ಲಿ 35,301. 2020ರಲ್ಲಿ 54,164. ಈಗಲೂ ಹತ್ತಿರ ಹತ್ತಿರ ನಮ್ಮ ತಿಪಟೂರಿನಷ್ಟೇ ಅನ್ನಿ. ಮೂವತ್ತು ವರ್ಷದಲ್ಲಿ ಐದು ಪಟ್ಟು ಹಿಗ್ಗಿದ ಊರಲ್ಲಿ ಹಳಬರು ಅನ್ನುವವರೇ ಕಡಿಮೆ, ಅಲ್ವಾ? ಪಕ್ಕದ ಮನೆಯ ಬಿಳಿಯ ಅಜ್ಜಿಯೂ ಓಹಾಯೋದಿಂದಲೋ ಮಿನೆಸೋಟದಿಂದಲೋ ಬಂದಿರುವ ಸಾಧ್ಯತೆ ಜಾಸ್ತಿ. ಕಾರಣ ನಿಮಗೂ ಗೊತ್ತು. 1950ರಲ್ಲಿ ಸ್ಯಾಮ್ ವಾಲ್ಟನ್ ಇಲ್ಲಿನ ಚೌಕದಲ್ಲಿ ಒಂದು ಸಣ್ಣ ಅಂಗಡಿ ತೆರೆದರು. 1962ರಲ್ಲಿ ಪಕ್ಕದ ರಾಜರ್ಸ್ ಊರಲ್ಲಿ ಮೊದಲ ವಾಲ್‌ಮಾರ್ಟ್ ಶುರುವಾಯಿತು. ಅದರ ಮುಖ್ಯ ಕಚೇರಿ ಈ ಊರಲ್ಲೇ ಉಳಿಯಿತು. ಅದಕ್ಕೆ ಸೋಪು, ಬಿಸ್ಕತ್ತು ಮಾರುವ ಕಂಪನಿಗಳು ಬಂದು ಇಲ್ಲೇ ಕಚೇರಿ ಮಾಡಿದವು. ಆಮೇಲೆ ಸಾಫ್ಟ್‌ವೇರ್ ಕೆಲಸ, ಅದರ ಹಿಂದೆ ನಾವು. ನಮ್ಮವರಲ್ಲಿ ಹೆಚ್ಚಿನವರು ಈ ಒಂದೇ ಬಾಗಿಲಿನಿಂದ ಒಳಗೆ ಬಂದವರು. ಪಾರ್ಟಿಯಲ್ಲಿ "ಎಲ್ಲಿ ಕೆಲಸ" ಅಂತ ಯಾರೂ ಕೇಳುವುದಿಲ್ಲ, "ಯಾವ ಟೀಮ್" ಅಂತ ಕೇಳುತ್ತಾರೆ.

ಬೆಂಟನ್‌ವಿಲ್ ಒಂದನ್ನೇ ನೋಡಿದರೆ ಚಿತ್ರ ಸಿಗುವುದಿಲ್ಲ. ಬೆಂಟನ್‌ವಿಲ್, ರಾಜರ್ಸ್, ಸ್ಪ್ರಿಂಗ್‌ಡೇಲ್, ಫೇಯಟ್‌ವಿಲ್ ನಾಲ್ಕೂ ಒಂದೇ ಹೆದ್ದಾರಿಗೆ ಪೋಣಿಸಿದ ಊರುಗಳು. ಬೆಂಟನ್‌ವಿಲ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಸ್ಪ್ರಿಂಗ್‌ಡೇಲ್‌ನಲ್ಲಿ ಕೋಳಿ ಕಾರ್ಖಾನೆ. ಟೈಸನ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಇದೆ. 2010ರ ಗಣತಿಯ ಹೊತ್ತಿಗೇ ಸ್ಪ್ರಿಂಗ್‌ಡೇಲ್‌ನ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹಿಸ್ಪಾನಿಕ್. ಮೆಕ್ಸಿಕೋ, ಎಲ್ ಸಾಲ್ವಡೋರ್ ಕಡೆಯವರು. ಒಳ್ಳೆ ಮೆಣಸಿನಕಾಯಿ, ಮಾವಿನಹಣ್ಣು, ಹುಣಸೆಹಣ್ಣು ಬೇಕಾದರೆ ಅವರ ಅಂಗಡಿಗೆ ಹೋಗಿ. ಇಂಡಿಯನ್ ಅಂಗಡಿಗಿಂತ ಅಗ್ಗ.

ಅದೇ ಸ್ಪ್ರಿಂಗ್‌ಡೇಲ್‌ನಲ್ಲಿ ನೀವು ಕೇಳಿಯೇ ಇರದ ಇನ್ನೊಂದು ಜನ ಇದ್ದಾರೆ. ಮಾರ್ಷಲೀಸ್ ಅಂತ. ಪೆಸಿಫಿಕ್ ಸಾಗರದ ನಡುವಿನ ಮಾರ್ಷಲ್ ದ್ವೀಪಗಳವರು. ಅಮೆರಿಕದ ಮುಖ್ಯ ನೆಲದಲ್ಲಿ ಅವರು ಅತಿ ಹೆಚ್ಚು ನೆಲೆಸಿರುವುದು ಸಮುದ್ರವೇ ಇಲ್ಲದ ಈ ಬೆಟ್ಟಗಾಡಿನಲ್ಲಿ. ಅವರ ದೇಶದ ಕಾನ್ಸುಲೇಟ್ ಕೂಡ ಸ್ಪ್ರಿಂಗ್‌ಡೇಲ್‌ನಲ್ಲಿದೆ. ನಾವು ಪಾಸ್‌ಪೋರ್ಟ್ ಕೆಲಸಕ್ಕೆ ಹ್ಯೂಸ್ಟನ್ ಕಡೆ ಮುಖ ಮಾಡಬೇಕು, ಅವರದು ಮನೆ ಬಾಗಿಲಲ್ಲೇ!

ನಾನು ಮೊದಲ ಒಂದು ವರ್ಷ ಅವರನ್ನೆಲ್ಲ ಮೆಕ್ಸಿಕೋದವರು ಅಂದುಕೊಂಡಿದ್ದೆ. ಮಗಳ ಈಜು ತರಗತಿಯಲ್ಲಿ ಒಬ್ಬ ತಂದೆಗೆ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ನಮಸ್ಕಾರ ಹೇಳಿದೆ. ಆತ ನಕ್ಕು "ಯೋಕ್ವೆ" ಅಂದ. ಅವರ ನಮಸ್ಕಾರ ಅದು. ಅಲ್ಲಿಂದ ಮಾತು ಶುರುವಾಯಿತು. ಅವರ ದ್ವೀಪಗಳಲ್ಲಿ ಅಮೆರಿಕ 1946ರಿಂದ 1958ರ ತನಕ 67 ಅಣು ಬಾಂಬುಗಳನ್ನು ಸಿಡಿಸಿ ಪರೀಕ್ಷೆ ಮಾಡಿತು. ಬಿಕಿನಿ ದ್ವೀಪದವರು ಊರು ಬಿಟ್ಟು ಹೋಗಬೇಕಾಯಿತು. 1986ರಲ್ಲಿ ಎರಡೂ ದೇಶಗಳ ನಡುವೆ ಒಂದು ಒಪ್ಪಂದ ಜಾರಿಗೆ ಬಂತು. ಅದರ ಪ್ರಕಾರ ಅವರು ವೀಸಾ ಇಲ್ಲದೆ ಇಲ್ಲಿಗೆ ಬಂದು ಕೆಲಸ ಮಾಡಬಹುದು. ಆದರೆ ಅಷ್ಟರಿಂದಲೇ ಇಲ್ಲಿನ ಪ್ರಜೆಗಳಾಗುವುದಿಲ್ಲ. "ವೀಸಾನೇ ಬೇಡ್ವಾ!" ಅಂತ ಹೊಟ್ಟೆ ಉರಿದುಕೊಳ್ಳುವ ಮುಂಚೆ ಇನ್ನೊಂದು ವಿಷಯ ಕೇಳಿ. 1996ರ ಒಂದು ಕಾನೂನಿನಿಂದ ಬಡವರ ಆರೋಗ್ಯ ವಿಮೆ ಮೆಡಿಕೈಡ್ ಅವರಿಗೆ ತಪ್ಪಿಹೋಯಿತು. ವಾಪಸ್ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಕೋವಿಡ್ ಬಂದಾಗ ನಾವು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಅವರು ಕೋಳಿ ಕತ್ತರಿಸುವ ಸಾಲಿನಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಈ ಭಾಗದಲ್ಲಿ ಮೊದಮೊದಲು ಸತ್ತವರಲ್ಲಿ ಅವರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು.

ಹ್ಮೊಂಗ್ ಜನ ಅಂತ ಇನ್ನೊಬ್ಬರಿದ್ದಾರೆ. ಲಾವೋಸ್ ಕಡೆಯವರು, ಸುತ್ತಮುತ್ತ ಕೋಳಿ ಫಾರಂ ನಡೆಸುತ್ತಾರೆ. ಸಂತೆಯಲ್ಲಿ ಸೊಪ್ಪು ಕಂಡರೆ ಅವರ ಹತ್ತಿರ ವಿಚಾರಿಸಿ.

ಇನ್ನು ಕಪ್ಪು ಜನ. ಅರ್ಕನ್ಸಾ ರಾಜ್ಯದಲ್ಲಿ ಅವರು ಸುಮಾರು ಶೇ. 15 ಇದ್ದಾರೆ. ಈ ಮೂಲೆಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ಏಕೆ ಅಂತ ಹೊಸಬರು ಯಾರೂ ಕೇಳುವುದಿಲ್ಲ, ಕೇಳಬೇಕು. ಒಂದು ಕಾರಣ ನೆಲ. ಇದು ಹತ್ತಿ ಬೆಳೆಯುವ ಬಯಲಲ್ಲ, ಸೇಬು ಬೆಳೆಯುತ್ತಿದ್ದ ಗುಡ್ಡ. ಹಾಗಾಗಿ ಗುಲಾಮರಾಗಿ ತಂದವರ ಸಂಖ್ಯೆ ಮೊದಲೇ ಕಡಿಮೆ. ಇನ್ನೊಂದು ಕಾರಣ ಜನ. ಪೂರ್ವಕ್ಕಿರುವ ಹ್ಯಾರಿಸನ್ ಊರಿನಿಂದ 1905 ಮತ್ತು 1909ರಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹೊಡೆದು ಓಡಿಸಿದವು. ಬೆಂಟನ್‌ವಿಲ್‌ನ ಚೌಕದಲ್ಲೂ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಪರ ನಿಂತ ದಕ್ಷಿಣದ ರಾಜ್ಯಗಳ ಸೈನಿಕನ ಪ್ರತಿಮೆ 1908ರಿಂದ ಇತ್ತು. 2020ರಲ್ಲಿ ತೆಗೆದರು. ಅದರ ಕೆಳಗೆ ನಿಂತು ನಾನು ಊರಿಗೆ ಫೋಟೋ ಕಳಿಸಿದ್ದೆ, ಏನು ಎತ್ತ ಗೊತ್ತಿಲ್ಲದೆ.

ಇಲ್ಲಿ "ಇಂಡಿಯನ್" ಅನ್ನುವ ಪದವೂ ಸುಲಭವಲ್ಲ. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಒಕ್ಲಹೋಮ, ಚೆರೋಕೀ ಜನರ ನಾಡು. ಅವರನ್ನು ತಮ್ಮ ನೆಲದಿಂದ ಎಬ್ಬಿಸಿ 1838–39ರಲ್ಲಿ ಅಲ್ಲಿಗೆ ನಡೆಸಿಕೊಂಡು ಹೋದ ದಾರಿ ನಮ್ಮ ಪಕ್ಕದ ಪೀ ರಿಜ್ ಮೂಲಕವೇ ಹಾದುಹೋಗುತ್ತದೆ. ಆ ಕಡೆ ಹೋದಾಗ "ಐ ಆ್ಯಮ್ ಇಂಡಿಯನ್" ಅಂದರೆ ಎದುರಿನವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ. "ಫ್ರಮ್ ಇಂಡಿಯಾ" ಅನ್ನಿ.

ಇದೇ ಗೊಂದಲ ಫಾರಂಗಳಲ್ಲೂ ಇದೆ. ಶಾಲೆ, ಆಸ್ಪತ್ರೆ, ಕಂಪನಿ, ಎಲ್ಲ ಕಡೆ ನಿಮ್ಮ ಜನಾಂಗ ಯಾವುದು ಅಂತ ಕೇಳುತ್ತಾರೆ. ನಮ್ಮದು "ಏಷ್ಯನ್". "ಅಮೆರಿಕನ್ ಇಂಡಿಯನ್" ಅನ್ನುವ ಚೌಕಕ್ಕೆ ಟಿಕ್ ಹಾಕಬೇಡಿ, ಅದು ಚೆರೋಕೀಗಳಂಥವರದು. ನನ್ನ ಹೆಂಡತಿ ಮೊದಲ ಸಲ ಹಾಕಿದ್ದಳು. ಆಮೇಲೆ ಶಾಲೆಯಿಂದ ಯಾವ ಬುಡಕಟ್ಟು ಅಂತ ಕೇಳಿ ಪತ್ರ ಬಂತು. ನಗುವ ವಿಷಯವೇನಲ್ಲ. ನಮ್ಮನ್ನು ಯಾವ ಗೂಡಿಗೆ ಹಾಕಬೇಕು ಅಂತ ಈ ದೇಶಕ್ಕೇ ತುಂಬ ಕಾಲ ಗೊತ್ತಿರಲಿಲ್ಲ. 1930, 1940ರ ಗಣತಿಯಲ್ಲಿ "ಹಿಂದೂ" ಅನ್ನುವುದೇ ಒಂದು ಜನಾಂಗ. ಸಿಖ್ಖರೂ ಹಿಂದೂ, ಮುಸಲ್ಮಾನರೂ ಹಿಂದೂ! 1970ರಲ್ಲಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ "ಏಷ್ಯನ್ ಇಂಡಿಯನ್" ಅಂತ ಬೇರೆ ಚೌಕ ಸಿಕ್ಕಿತು.

ಹಿಸ್ಪಾನಿಕ್ ಹೌದೋ ಅಲ್ಲವೋ ಅನ್ನುವುದನ್ನು 2020ರ ಗಣತಿಯಲ್ಲೂ ಜನಾಂಗದಿಂದ ಬೇರೆಯಾಗಿಯೇ ಕೇಳಿದರು. ಅದಕ್ಕೇ ಅಂಕಿಅಂಶ ಓದುವಾಗ ಎಲ್ಲ ಶೇಕಡಾ ಕೂಡಿದರೆ ನೂರು ದಾಟುತ್ತದೆ. ತಪ್ಪು ಲೆಕ್ಕ ಅಂದುಕೊಳ್ಳಬೇಡಿ.

ಮನೆ ಹುಡುಕುವಾಗ ಒಂದು ಎಚ್ಚರ. "ಈ ಬಡಾವಣೆಯಲ್ಲಿ ಇಂಡಿಯನ್ಸ್ ಎಷ್ಟಿದ್ದಾರೆ?" ಅಂತ ಮನೆ ತೋರಿಸುವ ಏಜೆಂಟನ್ನು ಕೇಳಿದರೆ ಆಕೆ ಮಾತು ಬದಲಿಸುತ್ತಾಳೆ. ಗರ್ವ ಅಲ್ಲ, ಹೆದರಿಕೆ. ಬಣ್ಣ, ಧರ್ಮ, ಮೂಲ ದೇಶ ನೋಡಿ ಜನರನ್ನು ಒಂದು ಕೇರಿಯ ಕಡೆಗೋ ಇನ್ನೊಂದು ಕೇರಿಯ ಕಡೆಗೋ ತಳ್ಳುವುದನ್ನು 1968ರ ವಸತಿ ಕಾನೂನು ತಡೆಯುತ್ತದೆ. ನಿಮಗೆ ತಿಳಿಯಬೇಕಿದ್ದರೆ ಗಣತಿ ಇಲಾಖೆಯ ಜಾಲತಾಣದಲ್ಲಿ ಕ್ವಿಕ್‌ಫ್ಯಾಕ್ಟ್ಸ್ ಪುಟ ತೆಗೆದು ಊರಿನ ಹೆಸರು ಹಾಕಿ. ಬೆಂಟನ್‌ವಿಲ್, ಸ್ಪ್ರಿಂಗ್‌ಡೇಲ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು ಮಾತು, ನಮ್ಮವರೇ ಕೆಲವರು "ಆ ಕಡೆ ಹೋಗ್ಬೇಡಿ, ಸೇಫ್ ಅಲ್ಲ" ಅಂತ ಸ್ಪ್ರಿಂಗ್‌ಡೇಲ್ ಬಗ್ಗೆ ಹೇಳುತ್ತಾರೆ. ಏನಾಯಿತು, ಯಾವಾಗ ಆಯಿತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸುಮ್ನೆ ನಂಬಬೇಡಿ.

ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮನೆಯ ಭಾಷೆ ಯಾವುದು ಅಂತ ಕೇಳುವ ಕಾಗದ ಬರುತ್ತದೆ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ ಅಂತ ಹೆದರಿ ನಮ್ಮಲ್ಲಿ ಕೆಲವರು ಇಂಗ್ಲಿಷ್ ಅಂತ ಬರೆಯುತ್ತಾರೆ. ಇನ್ನು ಕೆಲವರು "ಹೇಗಿದ್ರೂ ಅವರಿಗೆ ಗೊತ್ತಾಗಲ್ಲ" ಅಂತ ಹಿಂದಿ ಬರೆಯುತ್ತಾರೆ. ಪರೀಕ್ಷೆ ಕೊಡುವುದು ನಿಜ. ನನ್ನ ಮಗಳೂ ಬರೆದಳು, ಪಾಸಾದಳು, ಕಥೆ ಮುಗಿಯಿತು. ಕಚೇರಿಯ ಹೆಂಗಸು "ಕೆನಡಾನಾ?" ಅಂತ ಕೇಳಿದಾಗ ಅಕ್ಷರ ಬಿಡಿಸಿ ಹೇಳಬೇಕಾಯಿತು, ಅಷ್ಟೆ.

ಗಣತಿ ಇಲಾಖೆ ಪ್ರತಿ ವರ್ಷ ಕೆಲವು ಮನೆಗಳಿಗೆ ಕಳಿಸುವ ದೊಡ್ಡ ಸಮೀಕ್ಷೆಯಲ್ಲೂ ಇದೇ ಪ್ರಶ್ನೆ ಇದೆ. ಅದು ಬಂದರೆ ಕಸಕ್ಕೆ ಹಾಕಬೇಡಿ. ವೀಸಾ ಯಾವುದು ಅಂತ ಅದರಲ್ಲಿ ಕೇಳುವುದಿಲ್ಲ, ಉತ್ತರ ಕೊಡುವುದು ಕಾನೂನು ಪ್ರಕಾರ ಕಡ್ಡಾಯ. ಆ ಸಮೀಕ್ಷೆಯ ಭಾಷೆಗಳ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿದ್ದೆ. ತೆಲುಗಿಗೆ ಒಂದು ಸಾಲು ಇದೆ. ತಮಿಳಿಗೆ ಒಂದು ಸಾಲು ಇದೆ. ನಮಗೆ "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಅಂತ ಒಂದೇ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ.